ಕಾರವಾರದಲ್ಲಿ ಸ್ಲ್ಯಾಬಿಗೆ ಅಳಿವೆ ಮರಳು ಆಗುತ್ತದಾ?

ಪ್ರಶ್ನೆ: ಸದಾಶಿವಗಡದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಗೋಡೆ ಚಿರೇಕಲ್ಲಿನದು. ಸ್ಲ್ಯಾಬಿಗೆ ಕಾಳಿ ಅಳಿವೆ ಕಡೆಯ ಮರಳು ಕಡಿಮೆ ದರಕ್ಕೆ ಸಿಗುತ್ತದೆ ಅಂತಾರೆ. ಹಾಕಿಸಬಹುದಾ?

ಮೇಸ್ತ್ರಿ, ಅಂಕೋಲಾ: ಬೇಡ ಮಾರಾಯ್ರೇ! ಅಳಿವೆಗೆ ಸಮುದ್ರದ ನೀರು ನುಗ್ಗುತ್ತದೆ, ಅಲ್ವಾ? ಮರಳಲ್ಲಿ ಉಪ್ಪು ಉಳಿಯುತ್ತದೆ. ಅದರ ಕ್ಲೋರೈಡ್‌ನಿಂದ ಕಬ್ಬಿಣಕ್ಕೆ ತುಕ್ಕು. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕಾಂಕ್ರೀಟ್ ಸಿಡಿಯುತ್ತದೆ. ಇಂಥ ಸ್ಲ್ಯಾಬ್ ಕಿತ್ತು ರಿಪೇರಿ ಮಾಡಿದವನು ನಾನು. ಮನೆಯವರ ಖರ್ಚು ನೋಡಿ ಹೊಟ್ಟೆ ಉರಿಯುತ್ತದೆ. ತೊಳೆದ ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ತಯಾರಿಸಿದ ಮರಳು, ತರಿಸಿ. ಜಲ್ಲಿ ಒಡೆಯುವಾಗ ಉಳಿಯುವ ಕ್ರಷರ್ ಪುಡಿಯನ್ನೇ ಎಂ-ಸ್ಯಾಂಡ್ ಅಂತ ಕೊಟ್ಟರೆ ಇಳಿಸಿಕೊಳ್ಳಬೇಡಿ.

ಸೈಟ್ ಎಂಜಿನಿಯರ್, ಶಿರಸಿ: ಕಾಂಕ್ರೀಟಿನ ಜಲ್ಲಿ, ಮರಳಿಗಿರುವ ಭಾರತೀಯ ಮಾನದಂಡ ಐಎಸ್ 383 ಪ್ರಕಾರ ಎಂ-ಸ್ಯಾಂಡಿನಲ್ಲಿ 150 ಮೈಕ್ರಾನ್ ಜರಡಿ ದಾಟುವ ಪುಡಿ 20% ಮೀರಬಾರದು. ಲ್ಯಾಬ್ ರಿಪೋರ್ಟ್ ಕೇಳಿ.

ಪ್ರಶ್ನೆ ಕೇಳಿದವರು: ಪ್ಲಾಸ್ಟರಿಗಾದರೂ ಆ ಮರಳು ಆಗುತ್ತದಾ?

ಮೇಸ್ತ್ರಿ: ಅದಕ್ಕೂ ಬೇಡ. ಉಪ್ಪು ತೇವ ಎಳೆಯುತ್ತದೆ, ಬಣ್ಣ ಏಳುತ್ತದೆ. ಪಿ-ಸ್ಯಾಂಡ್, ಅಂದರೆ ಪ್ಲಾಸ್ಟರಿಗೆಂದೇ ತಯಾರಿಸುವ ನುಣ್ಣನೆ ಮರಳು, ಹಾಕಿಸಿ.