ಔಷಧಿ ಹೊಡೆಸಿದ ಮೇಲೂ ತಿಗಣೆ: ದಿವಾನನ್ನೇ ಎಸೆದುಬಿಡಲೇ?

ಮೂರನೇ ಮಹಡಿಯವಳು:
ವಿಜಯನಗರದ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಯುಗಾದಿ ಕಳೆದ ವಾರ, ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ತೇಗದ ದಿವಾನ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದೆ. ಇಪ್ಪತ್ತು ದಿನಕ್ಕೆ ಮಗಳ ತೋಳಿನ ಮೇಲೆ ಸಾಲುಸಾಲು ದದ್ದು. ಅತ್ತೆ ಪಿತ್ತದ ಗಂಧೆ ಎಂದು ಕೊಬ್ಬರಿ ಎಣ್ಣೆ ಸವರಿದರು. ನಾನು ಸೋಪು ಬದಲಿಸಿದೆ. ಕೊನೆಗೊಂದು ರಾತ್ರಿ ಎರಡು ಗಂಟೆಗೆ ಮೊಬೈಲ್ ಬೆಳಕು ಹಿಡಿದು ಹಾಸಿಗೆಯ ಹೊಲಿಗೆ ಅಗಲಿಸಿದರೆ, ಪೆನ್ನಿನ ಮೊನೆ ಒತ್ತಿದ ಹಾಗೆ ಕಪ್ಪು ಚುಕ್ಕೆಗಳು. ಪಕ್ಕದಲ್ಲಿ ಹುರುಳಿಕಾಳಿನಷ್ಟು ದೊಡ್ಡದೊಂದು, ರಕ್ತ ಕುಡಿದು ಉಬ್ಬಿತ್ತು. ಒರೆಸಿ ಹಾಕಿದ ಮೇಲೂ ಆ ವಾಸನೆ ಬೆರಳಿನಿಂದ ಹೋಗಲಿಲ್ಲ.

2,800 ರೂಪಾಯಿ ಕೊಟ್ಟು ಔಷಧಿ ಹೊಡೆಸಿದೆವು. ಒಂದೇ ಸಲ ಸಾಕು ಎಂದಿದ್ದರು. ಹನ್ನೆರಡನೇ ದಿನ ಎಳ್ಳಿಗಿಂತ ಸಣ್ಣ, ಬಿಳಿಚಿದ ಮರಿಗಳು ಕಂಡವು. ಈಗ ಅವರು ಫೋನ್ ಎತ್ತುತ್ತಿಲ್ಲ. ಯಾರಿಗೂ ಹೇಳಬೇಡ, ಮನೆ ಕೊಳಕೆಂದುಕೊಳ್ಳುತ್ತಾರೆ ಎಂದು ಅತ್ತೆ ಹೇಳುತ್ತಿದ್ದಾರೆ. ದಿವಾನ್ ಎಸೆದರೆ ಮುಗಿಯುತ್ತದೆಯೇ?

ವಠಾರದ ಹಳಬ:
ಎಸೆಯಬೇಡಿ ತಾಯಿ. ಬೀದಿಗಿಟ್ಟರೆ ಇನ್ನೊಬ್ಬರು ನಿಮ್ಮ ಹಾಗೆಯೇ ಹಿಗ್ಗಿ ಹೊತ್ತೊಯ್ಯುತ್ತಾರೆ. ಔಷಧಿ ಮೊಟ್ಟೆಗಳನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಅವು ಒಡೆಯಲು ವಾರದಿಂದ ಹತ್ತು ದಿನ ಬೇಕು. ನೀವು ಕಂಡದ್ದು ಆ ಮರಿಗಳನ್ನೇ. ಎರಡು ವಾರ ಬಿಟ್ಟು ಮತ್ತೆ ಹೊಡೆಸಲೇಬೇಕು. ಒಂದೇ ಸಲ ಸಾಕೆಂದವರಿಗೆ ಕಸುಬು ಗೊತ್ತಿಲ್ಲ, ಇಲ್ಲವೇ ಚೆನ್ನಾಗಿಯೇ ಗೊತ್ತಿದೆ.

ಎಷ್ಟೋ ಕಡೆ ತಿಗಣೆಗಳು ಮಾಮೂಲಿ ಔಷಧಿಗೆ ಜಗ್ಗುವುದೂ ಇಲ್ಲ. ಬಿಸಿಗೆ ಮಾತ್ರ ಜಗ್ಗಲೇಬೇಕು: 50 ಡಿಗ್ರಿ ದಾಟಿದರೆ ಮೊಟ್ಟೆಯೂ ಉಳಿಯದು. ನಮ್ಮ ವಠಾರದಲ್ಲಿ ಭಾನುವಾರ ಕಬ್ಬಿಣದ ಮಂಚಗಳನ್ನೆಲ್ಲ ಅಂಗಳಕ್ಕೆ ಎಳೆದು, ಅಮ್ಮ ಸಂದುಸಂದಿಗೆ ಕುದಿಯುವ ನೀರು ಸುರಿಯುತ್ತಿದ್ದಳು. ನಿಮ್ಮ ತೇಗಕ್ಕೆ ಹಾಗೆ ಸುರಿದರೆ ಪಾಲಿಶ್ ಹಾಳು. ಸ್ಕ್ರೂ ಬಿಚ್ಚಿ, ಹಬೆ ಯಂತ್ರವನ್ನು ನಿಧಾನವಾಗಿ ಆಡಿಸಿ. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿಯಲ್ಲಿ ಒಗೆಯಿರಿ. ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕಿ ಸುಮ್ಮನಾಗಬೇಡಿ, ಅವು ನೆರಳಿನ ಮಗ್ಗುಲಿಗೆ ಸರಿದು ಕೂರುತ್ತವೆ. ಸೀಮೆಎಣ್ಣೆಯಂತೂ ಬೇಡವೇ ಬೇಡ.

ಬಿ ಬ್ಲಾಕಿನ ಕಾರ್ಯದರ್ಶಿ:
ಗುಟ್ಟು ಮಾಡಬೇಡಿ. ನಮ್ಮಲ್ಲಿ ಒಬ್ಬರು ಮುಚ್ಚಿಟ್ಟು ನಾಲ್ಕು ಮನೆಗೆ ಹಬ್ಬಿತು. ಗೋಡೆಯ ಬಿರುಕು, ವೈರಿನ ಪೈಪು, ಎಲ್ಲವೂ ಅವಕ್ಕೆ ದಾರಿ. ಸ್ವಿಚ್ ಬೋರ್ಡುಗಳ ಸುತ್ತಲೂ ನೋಡಿ (ಅಲ್ಲಿ ಮಾತ್ರ ಹಬೆ ಬೇಡ!). ತಿಗಣೆಗೆ ಕೊಳಕು, ಶುಚಿ ಎಂಬ ಭೇದವಿಲ್ಲ, ಮಲಗಿದ ಮನುಷ್ಯ ಸಿಕ್ಕರೆ ಸಾಕು.

ದಾದಿಯಮ್ಮ:
ತಿಗಣೆ ಕಡಿತದಿಂದ ರೋಗ ಹರಡುವುದಿಲ್ಲ, ಗಾಬರಿ ಬೇಡ. ಕೆರೆದುಕೊಂಡರೆ ಕೀವಾಗುತ್ತದೆ, ಮಗುವಿನ ಉಗುರು ಕತ್ತರಿಸಿ.

ಮೂರನೇ ಮಹಡಿಯವಳು:
ನಿನ್ನೆ ದಿವಾನಿನ ಎಂಟೂ ಬೋಲ್ಟ್ ಬಿಚ್ಚಿದೆವು. ತಲೆದಿಂಬಿನ ಕಡೆಯ ಎರಡು ತೂತುಗಳಲ್ಲಿ ಸಣ್ಣ ರವೆ ಮೆತ್ತಿದ ಹಾಗೆ ಮೊಟ್ಟೆಗಳು. ಹೊರಗಿನಿಂದ ಔಷಧಿ ಹೊಡೆದದ್ದು ಅಲ್ಲಿಗೆ ತಲುಪಿಯೇ ಇರಲಿಲ್ಲ. ಅತ್ತೆಯೇ ಕನ್ನಡಕ ಹಾಕಿಕೊಂಡು ಟಾರ್ಚ್ ಹಿಡಿದರು, ಹಬೆ ನಾನು ಕೊಟ್ಟೆ. ಮಂಚವನ್ನು ಗೋಡೆಯಿಂದ ಗೇಣು ದೂರ ಸರಿಸಿ, ಕಾಲುಗಳಿಗೆ ಸೋಪಿನ ನೀರಿನ ಬಟ್ಟಲು ಇಟ್ಟಿದ್ದೇನೆ.

ಪಕ್ಕದ ಮನೆಯವರಿಗೆ ಹೇಳಲು ಹೋದೆ. ಅವರು ಬಾಗಿಲನ್ನು ಅರ್ಧ ತೆರೆದು, ದನಿ ತಗ್ಗಿಸಿ, "ನಿಮ್ಮಲ್ಲೂ ಇದೆಯೇ?" ಎಂದರು. ಶನಿವಾರ ಎರಡೂ ಮನೆಗೆ ಒಟ್ಟಿಗೆ ಹೊಡೆಸುತ್ತಿದ್ದೇವೆ, ಬೇರೆಯವರಿಂದ.