ಡ್ರೋನ್ ದಾಳಿ, ವಾಯುನೆಲೆ ಕಾವಲು: ಇವತ್ತಿನ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಗುಂಪಿನ ನಿವೃತ್ತ ವಾಯುಪಡೆ ರಾಡಾರ್ ಅಧಿಕಾರಿ ಇವತ್ತು ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹಾಸನದ ಮೇಷ್ಟ್ರು: ನಮಸ್ಕಾರ ಸರ್. 2025ರ ಜೂನ್ 1ರಂದು ಉಕ್ರೇನ್ ರಷ್ಯಾದ ಬಾಂಬರ್ ವಿಮಾನಗಳನ್ನು ಡ್ರೋನ್‌ಗಳಿಂದ ಸುಟ್ಟಿತಲ್ಲ, ಅದರಲ್ಲಿ ಬೆಲಾಯಾ ನೆಲೆ ಸೈಬೀರಿಯಾದಲ್ಲಿದೆ. ಉಕ್ರೇನಿನಿಂದ 4,000 ಕಿ.ಮೀ.ಗೂ ಜಾಸ್ತಿ ದೂರ. ಪುಟ್ಟ ಡ್ರೋನ್ ಅಲ್ಲಿಗೆ ಹೋಗಿದ್ದು ಹೇಗೆ? ರಾಡಾರ್ ಮಲಗಿತ್ತಾ?

ಅಧಿಕಾರಿ: ಹಾರಿಕೊಂಡು ಹೋಗಲಿಲ್ಲ ಮೇಷ್ಟ್ರೇ, ಲಾರಿಯಲ್ಲಿ ಹೋದವು. ಮರದ ಕ್ಯಾಬಿನ್‌ಗಳ ಚಾವಣಿಯೊಳಗೆ ಅಡಗಿಸಿದ್ದರು. ಲಾರಿ ನೆಲೆಯ ಹತ್ತಿರ ನಿಂತಿತು, ದೂರದಿಂದಲೇ ಚಾವಣಿ ತೆರೆದರು. ಒಟ್ಟು 117 ಡ್ರೋನ್, ಒಂದೂವರೆ ವರ್ಷದ ತಯಾರಿ ಅಂತ ಉಕ್ರೇನ್ ಹೇಳಿತು.

ರಾಡಾರ್ ಮಲಗಿರಲಿಲ್ಲ. ದೊಡ್ಡ ರಾಡಾರ್ ಇರುವುದೇ ದೂರದಲ್ಲಿ, ಎತ್ತರದಲ್ಲಿ ಬರುವ ವಿಮಾನಕ್ಕೆ. ಹದ್ದಿನಷ್ಟು ದೊಡ್ಡ ಪ್ಲಾಸ್ಟಿಕ್ ವಸ್ತು ಮರದ ತುದಿಯ ಮಟ್ಟದಲ್ಲಿ ಬಂದರೆ ಮರ, ಕಟ್ಟಡಗಳಿಗೆ ತಾಗಿ ಮರಳುವ ಸಿಗ್ನಲ್‌ಗಳ ಗದ್ದಲದಲ್ಲೇ ಕಳೆದುಹೋಗುತ್ತದೆ. ಕಂಡರೂ ಹಕ್ಕಿ ಅಂತ ಸಾಫ್ಟ್‌ವೇರ್ ಬದಿಗೆ ತಳ್ಳಬಹುದು. ತಳ್ಳದಿದ್ದರೆ ಸ್ಕ್ರೀನ್ ತುಂಬಾ ಕಾಗೆ, ಪಾರಿವಾಳ. (ಒಮ್ಮೆ ಬಾವಲಿ ಹಿಂಡಿಗೆ ನಾವೇ ಬೆಚ್ಚಿಬಿದ್ದಿದ್ದುಂಟು.)

ನನ್ನ ನಿದ್ದೆ ಕೆಡಿಸುವುದು ಬೇರೆ. ಟು-95 ಬಾಂಬರ್ ಈಗ ತಯಾರಾಗುತ್ತಿಲ್ಲ, ಸುಟ್ಟರೆ ಹೋಯಿತು. ಅಂಥದ್ದನ್ನು ಬಯಲಲ್ಲಿ ನಿಲ್ಲಿಸಿದ್ದರು. ಬೇಲಿ, ಗೇಟು, ಕಾವಲು ಎಲ್ಲ ನೆಲದ ಮೇಲೆ ಬರುವ ಕಳ್ಳನಿಗೆ. ನಮ್ಮಲ್ಲೂ 2021ರ ಜೂನ್ 27ರಂದು ನಡುರಾತ್ರಿ ಕಳೆದ ಮೇಲೆ ಜಮ್ಮು ವಾಯುನೆಲೆ ಮೇಲೆ ಎರಡು ಸ್ಫೋಟಕ ಬಿದ್ದವು, ಕೆಲವೇ ನಿಮಿಷಗಳ ಅಂತರದಲ್ಲಿ. ಒಂದು ಚಾವಣಿ ಸೀಳಿತು, ಇಬ್ಬರಿಗೆ ಸಣ್ಣ ಗಾಯ. ಪುಣ್ಯಕ್ಕೆ ಅಷ್ಟೇ.

ತುಮಕೂರು ಟೆಕ್ಕಿ: ಡ್ರೋನಿನ ರೇಡಿಯೊ ಸಿಗ್ನಲ್ ಕೆಡಿಸೋ ಜ್ಯಾಮರ್ ಹಾಕಿದರೆ ಮುಗೀತಲ್ವಾ ಸರ್?

ಅಧಿಕಾರಿ: ಇಲ್ಲ. ಈಗ ತೆಳು ಫೈಬರ್ ಎಳೆ ಬಿಚ್ಚಿಕೊಂಡು ಹೋಗುವ ಡ್ರೋನ್‌ಗಳಿವೆ. ಆಜ್ಞೆ ಹೋಗುವುದು ಆ ಎಳೆಯಲ್ಲೇ. ರೇಡಿಯೊ ಸಿಗ್ನಲ್ಲೇ ಇಲ್ಲ, ಏನನ್ನು ಜ್ಯಾಮ್ ಮಾಡುತ್ತೀರಿ?

ಗದಗ ಗೆಳೆಯ: ಡ್ರೋನ್ ಕಂಪನಿ ಷೇರು ಈಗ ತಗೋಬಹುದಾ ಸರ್?

ಶಿರಸಿ ಅಡಿಕೆ: ಫಾರ್ವರ್ಡ್ ಬಂದಿದೆ, "ಮನೆ ಚಾವಣಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಡ್ರೋನ್ ದಾರಿ ತಪ್ಪುತ್ತದೆ. ಎಲ್ಲರಿಗೂ ಕಳಿಸಿ."

ಅಧಿಕಾರಿ: ಫಾಯಿಲ್ ಇರುವುದು ಚಪಾತಿ ಸುತ್ತಲು. ಚಾವಣಿ ಹತ್ತಿ ಸೊಂಟ ಮುರಿದುಕೊಳ್ಳಬೇಡಿ. ಗುರುತಿಲ್ಲದ ಡ್ರೋನ್ ಬಿದ್ದಿದ್ದು ಕಂಡರೆ ಮುಟ್ಟಬೇಡಿ, ಸೆಲ್ಫಿ ತೆಗೆಯಬೇಡಿ. ದೂರ ಹೋಗಿ 112ಕ್ಕೆ ಫೋನ್ ಮಾಡಿ. ಇದನ್ನು ಬೇಕಾದರೆ ಎಲ್ಲರಿಗೂ ಕಳಿಸಿ.

ಮಲ್ಪೆ ಬೋಟ್: ಮೀನಿನ ಬಲೆ ಕಟ್ಟುತ್ತಾರೆ ಅಂತಾರಲ್ಲ, ಅದೂ ಸುಳ್ಳಾ?

ಅಧಿಕಾರಿ: ಅದು ನಿಜ! ಉಕ್ರೇನಿನ ಖೆರ್ಸೋನ್ ಕಡೆ ರಸ್ತೆಗಳ ಮೇಲೆ ಬಲೆ ಕಟ್ಟಿದ್ದಾರೆ. ಡ್ರೋನಿನ ಫ್ಯಾನ್ ಸಿಕ್ಕಿಕೊಳ್ಳುತ್ತದೆ. ನಿಮ್ಮ ಹಳೇ ಬಲೆಗೂ ಬೆಲೆ ಇದೆ ನೋಡಿ.

ಮೈಸೂರು ವೀರ: ಒಂದೇ ದಿನ 41 ವಿಮಾನ ಭಸ್ಮ. ರಷ್ಯಾ ಕಥೆ ಮುಗೀತು.

ಕೊಡಗು ಫೌಜಿ: 41 ಉಕ್ರೇನ್ ಹೇಳಿದ ಲೆಕ್ಕ, ಅದೂ ಪೆಟ್ಟು ತಿಂದವೂ ಸೇರಿ. ಅಮೆರಿಕದ ಅಧಿಕಾರಿಗಳ ಅಂದಾಜು ಸುಮಾರು 20ಕ್ಕೆ ಪೆಟ್ಟು, 10 ನಾಶ.

ಮೈಸೂರು ವೀರ: ನೀವು ರಷ್ಯಾ ಪರವಾ?

ಕೊಡಗು ಫೌಜಿ: ನಾನು ಎಣಿಕೆ ಪರ.

ಮೈಸೂರು ವೀರ: ಎಣಿಸೋಕೆ ಅಲ್ಲಿ ಹೋಗಿದ್ರಾ?

ಕೊಡಗು ಫೌಜಿ: ನೀವು ಹೋಗಿದ್ರಾ?

ಅಡ್ಮಿನ್: ಸಾಕು ಮಾಡ್ರಪ್ಪಾ ಇಬ್ರೂ.

ಬೆಳಗಾವಿ ಕುಂದಾ: ಸರ್, ಒಂದು ಡೌಟು. ಎಲ್ಲಾ ಕಡೆ ಜ್ಯಾಮರ್ ಹಾಕಿದರೆ ಆಗಲ್ವಾ?

ಅಧಿಕಾರಿ: ಮೇಲೆ ಓದಿ.

ಶಿರಸಿ ಅಡಿಕೆ: ಫಾಯಿಲ್ ಎರಡು ಪದರ ಹಾಕಿದರೆ?

ಗದಗ ಗೆಳೆಯ: ಸರ್, ಷೇರಿನ ವಿಷ್ಯ ಹೇಳಲೇ ಇಲ್ಲ?