ಟರ್ಕಿ ಕಾಲ್‌ಗೆ ಮರದ ಸ್ಟ್ರೈಕರ್: ಯಾವ ಮರ ತಗೊಳ್ಳಲಿ, ತುದಿ ಹೇಗಿರಬೇಕು?

ಬೇಲಿಮರ (ಮಿಸೌರಿ)

ಎಲ್ಲರಿಗೂ ನಮಸ್ಕಾರ. ಆಫೀಸಿನ ಗೆಳೆಯರೊಬ್ಬರು ಕಳೆದ ಏಪ್ರಿಲ್‌ನಲ್ಲಿ ಕಾಡು ಟರ್ಕಿ ಕೋಳಿ ಬೇಟೆಗೆ ಕರೆದುಕೊಂಡು ಹೋಗಿದ್ದರು. ಅವರ ಹತ್ತಿರ ಒಂದು ಪಾಟ್ ಕಾಲ್ ಇದೆ, ಅಂದರೆ ಹಕ್ಕಿಯ ಕೂಗು ಹೊರಡಿಸಿ ಅದನ್ನು ಕರೆಯುವ ಸಾಧನ. ಅಂಗೈಯಲ್ಲಿ ಹಿಡಿಯುವಷ್ಟು ದುಂಡನೆಯ ಮರದ ಬಟ್ಟಲು, ಅದರ ಮೇಲೆ ಸ್ಲೇಟು ಕಲ್ಲು. ಒಂದು ಮರದ ಕಡ್ಡಿಯಿಂದ ಅದರ ಮೇಲೆ ಸಣ್ಣಗೆ ಸುತ್ತಿದರೆ ಹೆಣ್ಣು ಟರ್ಕಿಯ ಕೂಗು ಬರುತ್ತದೆ, ದೂರದಿಂದ ಹುಂಜ ಓಗೊಡುತ್ತದೆ. ಆ ಕಡ್ಡಿಗೇ ಸ್ಟ್ರೈಕರ್ ಅನ್ನುತ್ತಾರೆ. ನನಗೆ ಅದನ್ನು ಕೈಯಾರೆ ಮಾಡಬೇಕು ಅಂತ ಆಸೆ. ಸಣ್ಣ ಲೇತ್ (ಮರ ಕಡೆಯುವ ಯಂತ್ರ) ಇದೆ, ಪೆನ್ನು, ಲಟ್ಟಣಿಗೆ ಕಡೆದು ಅಭ್ಯಾಸ ಇದೆ.

ಯಾವ ಮರ ಒಳ್ಳೆಯದು? ತುದಿ ಚೂಪಾಗಿರಬೇಕಾ, ದುಂಡಗಿರಬೇಕಾ? ಇನ್ನೊಂದು ವಿಷಯ. ಸಾಗರದ ಮನೆಯಲ್ಲಿ ಅಜ್ಜನ ಕಾಲದ ಬೀಟೆ ಮಂಚದ ಮುರಿದ ಕಾಲೊಂದಿದೆ. ಇಲ್ಲಿ ಅಂಗಡಿಗಳಲ್ಲಿ ರೋಸ್‌ವುಡ್ ಸ್ಟ್ರೈಕರ್ ಅಂತ ಮಾರುತ್ತಾರಲ್ವಾ, ಹಾಗಾದರೆ ಆ ಕಾಲನ್ನೇ ತರಿಸಿಕೊಳ್ಳಲೇ?

ಗ್ಯಾರೇಜ್ ಲೇತ್ (ಪೆನ್ಸಿಲ್ವೇನಿಯಾ)

ಮೊದಲು ಬೀಟೆ ವಿಷಯ ಮುಗಿಸೋಣ. ತರಿಸಬೇಡಿ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲ ಪೂರ್ತಿ 2017ರ ಜನವರಿಯಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿದೆ. ಕಚ್ಚಾ ತುಂಡನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬರುವ ವಸ್ತು ಅದಲ್ಲ. ಆ ಮಂಚಕ್ಕೆ ಊರಲ್ಲೇ ಒಬ್ಬ ಒಳ್ಳೆ ಆಚಾರಿಯನ್ನು ಕರೆಸಿ, ಅದೇ ಕಾಲನ್ನು ಮತ್ತೆ ಕೂರಿಸಿ. ನೀವಿರುವ ಜಾಗದಲ್ಲಿ ಅದಕ್ಕಿಂತ ಒಳ್ಳೆ ಮರ ಕಾಲಬುಡದಲ್ಲೇ ಇದೆ.

ಹೆಸರು ಬೇಲಿಮರ ಅಂತ ಇಟ್ಟುಕೊಂಡಿದ್ದೀರಿ, ಆದ್ದರಿಂದ ಓಸೇಜ್ ಆರೆಂಜ್ ನಿಮಗೆ ಗೊತ್ತೇ ಇರಬೇಕು. ಮುಳ್ಳುತಂತಿ ಬರುವ ಮೊದಲು ಮಿಸೌರಿ, ಕಾನ್ಸಾಸ್ ರೈತರು ಇದನ್ನೇ ಸಾಲಾಗಿ ನೆಟ್ಟು ಬೇಲಿ ಮಾಡುತ್ತಿದ್ದರು. ಅದಕ್ಕೇ ಅಲ್ಲಿಯವರು ಈಗಲೂ ಹೆಡ್ಜ್ ಅನ್ನುತ್ತಾರೆ. ಹಳೇ ಬೇಲಿ ಕಂಬ ಯಾರಾದರೂ ರೈತರ ಹತ್ತಿರ ಕೇಳಿ. ಹೊರಗೆ ಬೂದಿ ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿರುತ್ತದೆ. ಒಂದು ಪದರ ತೆಗೆದರೆ ಒಳಗೆ ಅರಿಶಿನದ ಬಣ್ಣ! ಲೇತ್ ಪೂರ್ತಿ ಹಳದಿ ಪುಡಿ. ಬಿಸಿಲು ತಾಗುತ್ತಾ ತಾಗುತ್ತಾ ಕಂದು ಬಣ್ಣಕ್ಕೆ ಬರುತ್ತದೆ. ಗಟ್ಟಿ ಮರ, ಸ್ವರ ಚುರುಕಾಗಿ ಬರುತ್ತದೆ. ಕೊಯ್ಯುವ ಮೊದಲು ಹಳೇ ಮೊಳೆ, ತಂತಿಯ ಚೂರು ಇದೆಯಾ ಅಂತ ಮಾತ್ರ ಸರಿಯಾಗಿ ನೋಡಿಕೊಳ್ಳಿ.

ಸ್ಟ್ರೈಕರ್ ಕೆಲಸ ಮಾಡುವುದು ಹೇಗೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸಲೀಸು. ಶಾಲೆಯಲ್ಲಿ ಸ್ಲೇಟಿನ ಮೇಲೆ ಬಳಪ ಕಿರ್ರ್ ಅಂತಿತ್ತಲ್ಲ, ಇದೂ ಅದೇ. ತುದಿ ಕಲ್ಲಿಗೆ ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ, ಸೆಕೆಂಡಿಗೆ ನೂರಾರು ಸಲ. ಆ ನಡುಕ ಕಲ್ಲಿಗೆ, ಬಟ್ಟಲಿಗೆ ಹೋಗಿ ತಳದ ತೂತುಗಳಿಂದ ಹೊರಗೆ ಬರುತ್ತದೆ. ಕಡ್ಡಿಯೂ ನಡುಗುತ್ತಿರುತ್ತದೆ. ಆದ್ದರಿಂದ ಮರದ ತೂಕ, ಉದ್ದ, ದಪ್ಪ ಎಲ್ಲವೂ ಸ್ವರದಲ್ಲಿ ಕೇಳುತ್ತದೆ. ಹಿಕರಿ, ಪರ್ಪಲ್‌ಹಾರ್ಟ್, ಇಪೆಯಂಥ ಗಟ್ಟಿ ಮರಗಳಲ್ಲಿ ಸ್ವರ ತೀಕ್ಷ್ಣ, ದೂರಕ್ಕೆ ಕೇಳುತ್ತದೆ. ಚೆರ್ರಿ, ಸೀಡರ್‌ನಂಥ ಹಗುರ ಮರಗಳಲ್ಲಿ ಮೆತ್ತಗೆ. ಹುಂಜ ಹತ್ತಿರ ಬಂದು ನಿಂತಾಗ ಆ ಮೆತ್ತನೆ ಸ್ವರವೇ ಬೇಕು. ನಾನಂತೂ ಒಂದೇ ಬಟ್ಟಲಿಗೆ ಬೇರೆ ಬೇರೆ ಮರದ ಕಡ್ಡಿ ಇಟ್ಟುಕೊಂಡಿರುತ್ತೇನೆ. ಒಂದು ಸ್ಲೇಟಿಗೆ ಒಗ್ಗಿದ ಕಡ್ಡಿ ಇನ್ನೊಂದು ಸ್ಲೇಟಿಗೆ ಒಗ್ಗಲ್ಲ, ಸ್ಲೇಟಿನ ಬದಲು ಗಾಜು ಕೂರಿಸಿದ ಕಾಲ್ ಮೇಲೆ ಇನ್ನೇನೋ ಆಗುತ್ತದೆ. ದುಬಾರಿ ಮರ ಹುಡುಕುವುದಕ್ಕಿಂತ ಕೈಗೆ ಸಿಗುವ ಮೂರು ನಾಲ್ಕು ಮರಗಳಲ್ಲಿ ಮಾಡಿ, ಕಿವಿಗೇ ಬಿಡಿ.

ಅಳತೆ: ಮುಕ್ಕಾಲು ಇಂಚಿನ ಚೌಕದ ತುಂಡು, ಒಂಬತ್ತು ಇಂಚು ಉದ್ದ. ಮರದ ಎಳೆ ಈ ತುದಿಯಿಂದ ಆ ತುದಿಗೆ ನೇರ ಇರಲೇಬೇಕು. ಅಡ್ಡ ಎಳೆ ಇದ್ದರೆ ಕಡ್ಡಿ ಕೊರಳಲ್ಲೇ ಮುರಿಯುತ್ತದೆ. ಗರಗಸದಲ್ಲಿ ಕೊಯ್ಯುವ ಬದಲು ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಮೇಲಿನ ಕೊನೆ, ಅಂದರೆ ತಲೆ, ದಪ್ಪ ಬಿಡಿ, ಕಡ್ಡಿಯನ್ನು ತುದಿಯ ಕಡೆಗೆ ಕಾಲು ಇಂಚಿನ ಸುತ್ತಮುತ್ತ ಬರುವಂತೆ ಇಳಿಸಿ. ಸಣ್ಣಗಾದ ಹಾಗೆ ಕಡ್ಡಿ ಲೇತ್‌ನಲ್ಲಿ ಕುಣಿಯೋಕೆ ಶುರುಮಾಡುತ್ತದೆ. ಟೇಲ್‌ಸ್ಟಾಕ್ (ಕಡ್ಡಿಯ ಕೊನೆಯನ್ನು ಒತ್ತಿ ಹಿಡಿಯುವ ಲೇತ್ ಭಾಗ) ಜಾಸ್ತಿ ಬಿಗಿದರೆ ಬಿಲ್ಲಿನ ಹಾಗೆ ಬಾಗುತ್ತದೆ, ಸ್ವಲ್ಪ ಸಡಿಲಿಸಿ. ಉಳಿ ಚೆನ್ನಾಗಿ ಮಸೆದಿರಲಿ, ಎಡಗೈ ಬೆರಳು ಕಡ್ಡಿಯ ಹಿಂದೆ ಹಗುರಾಗಿ ಆತುಕೊಂಡಿರಲಿ. ಮಾಸ್ಕ್ ಮರೆಯಬೇಡಿ. ಇಪೆ, ರೋಸ್‌ವುಡ್ ಪುಡಿಗೆ ಕೆಲವರಿಗೆ ಅಲರ್ಜಿ ಆಗುತ್ತದೆ.

ಈಗ ತುದಿ. ಚೂಪು ಬೇಡ, ದುಂಡಗೆ ಇರಲಿ. ನುಣುಪು ಮಾಡಲೇಬೇಡಿ. 120ರ ಉಪ್ಪುಕಾಗದದಲ್ಲಿ ಉಜ್ಜಿ ಅಷ್ಟಕ್ಕೇ ಬಿಡಿ. ಎಣ್ಣೆ, ಪಾಲಿಶ್ ಏನಿದ್ದರೂ ತಲೆಗೆ ಮತ್ತು ಕಡ್ಡಿಯ ಮೇಲ್ಭಾಗಕ್ಕೆ. ಕೊನೆಯ ಒಂದು ಇಂಚು ಬರೀ ಮರ. ಅಲ್ಲಿಗೆ ಬೆರಳು ಕೂಡ ತಾಗಿಸಬಾರದು, ಚರ್ಮದ ಜಿಡ್ಡು ಹತ್ತಿದರೆ ಸಾಕು, ತುದಿ ಕಚ್ಚುವುದಿಲ್ಲ, ಸುಮ್ನೆ ಜಾರುತ್ತದೆ.

ಮಳೆಗಾಲದ ಕಾಡು (ಉತ್ತರ ಕೆರೊಲಿನಾ)

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ನಮ್ಮ ಕಡೆ ಬೆಳಗಿನ ಇಬ್ಬನಿ ವಿಪರೀತ. ಮರದ ತುದಿ ಒದ್ದೆಯಾದರೆ ಕಾಲ್ ಮೂಕ. ಸ್ಟ್ರೈಕರ್‌ಗಳನ್ನು ಜಿಪ್ ಚೀಲದಲ್ಲಿಟ್ಟು ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಮಳೆ ಬಂದರೆ ಇರಲಿ ಅಂತ ಒಂದು ಅಕ್ರಿಲಿಕ್ ಕಡ್ಡಿಯೂ ಜೊತೆಗಿರಲಿ. ಉಪ್ಪುಕಾಗದದ ಒಂದು ಚೂರೂ ಇರಲಿ. ತುದಿ ಹೊಳೆಯುತ್ತಿದೆ ಅನ್ನಿಸಿದಾಗ ಅಲ್ಲೇ ಒಮ್ಮೆ ಉಜ್ಜಿದರೆ ಸ್ವರ ವಾಪಸ್ಸು ಬರುತ್ತದೆ.

ನಿಮ್ಮ ಸ್ಟ್ರೈಕರ್ ಚೆನ್ನಾಗಿ ಬಂದಷ್ಟೂ ಅದು ನಿಜವಾದ ಹಕ್ಕಿಯ ಹಾಗೇ ಕೇಳುತ್ತದೆ, ಬೇರೆ ಬೇಟೆಗಾರರಿಗೂ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಕರವಸ್ತ್ರ ಕೂಡ. ಹುಂಜದ ತಲೆಯ ಬಣ್ಣಗಳೇ ಅವು. ಯಾರಾದರೂ ನಿಮ್ಮ ಕಡೆ ಬರುತ್ತಿದ್ದರೆ ಕೈ ಬೀಸದೆ, ಗಟ್ಟಿಯಾಗಿ ಕೂಗಿ ಹೇಳಿ.

ಬೇಲಿಮರ (ಮಿಸೌರಿ)

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಂಚದ ವಿಷಯ ಅಮ್ಮನಿಗೆ ಹೇಳಿದೆ, ಖುಷಿಯಾದರು. ಹೆಡ್ಜ್ ಕಂಬ ಪಕ್ಕದ ತೋಟದವರು ಕೊಡುತ್ತೇನೆ ಅಂದಿದ್ದಾರೆ. ಒಂದೇ ಅನುಮಾನ: ತಲೆ, ಕಡ್ಡಿ ಬೇರೆ ಬೇರೆ ಮರದಲ್ಲಿ ಮಾಡಿ ಅಂಟಿಸಬಹುದಾ?

ಗ್ಯಾರೇಜ್ ಲೇತ್ (ಪೆನ್ಸಿಲ್ವೇನಿಯಾ)

ಧಾರಾಳವಾಗಿ. ತುಂಬಾ ಜನ ಹಾಗೇ ಮಾಡುತ್ತಾರೆ. ತಲೆಗೆ ವಾಲ್‌ನಟ್, ಕಡ್ಡಿಗೆ ಹೆಡ್ಜ್ ಹಾಕಿ ನೋಡಿ, ಕಪ್ಪು-ಹಳದಿ ಚೆಂದ ಕಾಣುತ್ತದೆ. ತಲೆಯಲ್ಲಿ ಒಂದು ಇಂಚು ಆಳ ತೂತು ಕೊರೆದು, ಎಪಾಕ್ಸಿ ಅಂಟು ಹಾಕಿ, ಒಂದು ರಾತ್ರಿ ಮುಟ್ಟದೆ ಬಿಡಿ. ಜೋಡಣೆ ಸಡಿಲ ಇದ್ದರೆ ನಡುಕ ಅಲ್ಲೇ ಸತ್ತುಹೋಗುತ್ತದೆ, ಆದ್ದರಿಂದ ಕಡ್ಡಿ ತೂತಿಗೆ ಬಿಗಿಯಾಗಿ ಕೂರಬೇಕು. ಆದರೆ ಮೊದಲನೆಯದನ್ನು ಒಂದೇ ತುಂಡಿನಲ್ಲಿ ಮಾಡಿ. ಆ ಮರದ ಸ್ವರ ಏನು ಅಂತ ನಿಮ್ಮ ಕಿವಿಗೆ ಮೊದಲು ಗೊತ್ತಾಗಲಿ.